ಇನ್ಫಿನಿಯಾ ಕಾರ್ಡ್: ಶುಲ್ಕಕ್ಕೆ ತಕ್ಕ ಬೆಲೆ ಯಾರಿಗೆ?

ಶಿವಮೊಗ್ಗದಲ್ಲಿ ದಂತ ಚಿಕಿತ್ಸಾಲಯ ನಡೆಸುವ ನನ್ನ ಕೈಯಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಇನ್ಫಿನಿಯಾ ಮೆಟಲ್ ಕ್ರೆಡಿಟ್ ಕಾರ್ಡ್ ನೋಡಿದವರೆಲ್ಲ ಮೊದಲು ಕೇಳುವುದು, ಇದು ಸಿಕ್ಕಿದ್ದು ಹೇಗೆ ಎಂದು. ಆಹ್ವಾನದ ಮೇಲೆ ಕೊಡುವ ಕಾರ್ಡ್ ಆದ್ದರಿಂದ ಆ ಕುತೂಹಲ ಸಹಜ. ನನಗೆ ದಾರಿ ಮಾಡಿಕೊಟ್ಟದ್ದು ಆದಾಯ ತೆರಿಗೆ ರಿಟರ್ನ್. ಸ್ವಂತ ವೃತ್ತಿಯವರ ವಿಷಯದಲ್ಲಿ ಬ್ಯಾಂಕ್ ನೋಡುವುದು ವಹಿವಾಟನ್ನಲ್ಲ, ತೆರಿಗೆ ರಿಟರ್ನಿನಲ್ಲಿ ಘೋಷಿಸಿದ ನಿವ್ವಳ ಆದಾಯವನ್ನು. ವರ್ಷವಿಡೀ ಆದಾಯ ಕಡಿಮೆ ತೋರಿಸಿ, ಕಾರ್ಡ್ ಕೇಳುವಾಗ ಮಾತ್ರ ದೊಡ್ಡ ಸಂಪಾದನೆಯ ಮಾತಾಡುವ ವೃತ್ತಿಬಾಂಧವರನ್ನು ನಾನು ಬಲ್ಲೆ. ಅರ್ಜಿ ತಿರಸ್ಕೃತವಾದಾಗ ಅವರು ದೂರುವುದು ಬ್ಯಾಂಕನ್ನು. ನಾನು ಅದೇ ಬ್ಯಾಂಕಿನ ರೆಗಾಲಿಯಾ ಕಾರ್ಡನ್ನು ಚೆನ್ನಾಗಿ ಬಳಸಿ, ಪ್ರತಿ ಬಿಲ್ಲನ್ನೂ ಪೂರ್ತಿ ಕಟ್ಟಿ, ಆಮೇಲೆ ಮೇಲ್ದರ್ಜೆಗೆ ಕೇಳಿದೆ. ನಡುವೆ ಬೇರೆ ಕಡೆ ಅರ್ಜಿ ಹಾಕಲಿಲ್ಲ, ಏಕೆಂದರೆ ಪ್ರತಿ ಅರ್ಜಿಯ ವಿಚಾರಣೆಯೂ ನಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ದಾಖಲಾಗುತ್ತದೆ.

ನಾನು ಪಡೆದಾಗ ಶುಲ್ಕ 12,500 ರೂಪಾಯಿ, ಜಿಎಸ್‌ಟಿ ಸೇರಿ 14,750. ಅದಕ್ಕೆ 12,500 ರಿವಾರ್ಡ್ ಪಾಯಿಂಟ್ ಕೊಟ್ಟರು. ಪ್ರತಿ 150 ರೂಪಾಯಿ ಖರ್ಚಿಗೆ 5 ಪಾಯಿಂಟ್. ಮೂರು ಲಕ್ಷ ಖರ್ಚಿಗೆ ಹತ್ತು ಸಾವಿರ. ಈ ಹತ್ತು ಸಾವಿರ ಪಾಯಿಂಟನ್ನು ಬ್ಯಾಂಕಿನ ಸ್ಮಾರ್ಟ್‌ಬೈ ತಾಣದಲ್ಲಿ ವಿಮಾನ ಟಿಕೆಟಿಗೋ ಹೋಟೆಲಿಗೋ ಬಳಸಿದರೆ ಹತ್ತು ಸಾವಿರ ರೂಪಾಯಿ. ಅದನ್ನೇ ಬಿಲ್ಲಿಗೆ ವಜಾ ಮಾಡಿಸಿಕೊಂಡರೆ ಬರುವುದು ಮೂರೇ ಸಾವಿರ! ಟಿಕೆಟಿನಲ್ಲೂ ಶೇ 70ರಷ್ಟನ್ನು ಮಾತ್ರ ಪಾಯಿಂಟಿನಲ್ಲಿ ತೀರಿಸಬಹುದು, ಉಳಿದದ್ದು ಕಾರ್ಡಿಗೆ. ವಿಮಾನ ಹತ್ತದವರಿಗೆ ಈ ಕಾರ್ಡಿನ ಅರ್ಧಕ್ಕಿಂತ ಹೆಚ್ಚು ಬೆಲೆ ಇಲ್ಲಿಯೇ ಸೋರಿ ಹೋಗುತ್ತದೆ. ಪೆಟ್ರೋಲಿಗೂ ಪಾಯಿಂಟ್ ಇಲ್ಲ.

ನನಗೆ ನಿಜವಾಗಿ ಸಂತೋಷ ಕೊಟ್ಟದ್ದು ವಿಮಾನ ನಿಲ್ದಾಣದ ಲಾಂಜ್. ಮಿತಿಯಿಲ್ಲದ ಪ್ರವೇಶ, ಮನೆಯವರಿಗೆ ಕೊಡುವ ಉಚಿತ ಹೆಚ್ಚುವರಿ (ಆಡ್-ಆನ್) ಕಾರ್ಡ್ ಇದ್ದವರಿಗೂ. ದೆಹಲಿಯಲ್ಲಿ ಮಂಜು ಕವಿದು ವಿಮಾನ ತಡವಾದಾಗ ವಯಸ್ಸಾದ ತಾಯಿಗೆ ಬಿಸಿ ಊಟ, ಒರಗಲು ಕುರ್ಚಿ, ಹತ್ತಿರದಲ್ಲೇ ಶೌಚಾಲಯ ಸಿಕ್ಕಿತು. ಅವತ್ತು ಶುಲ್ಕದ ಲೆಕ್ಕ ನನ್ನ ತಲೆಗೆ ಬರಲೇ ಇಲ್ಲ.

ಇದೊಂದೇ ಕಾರ್ಡಿನಲ್ಲಿ ಸಂಸಾರ ಸಾಗುವುದಿಲ್ಲ. ನಮ್ಮೂರ ಗಾಂಧಿ ಬಜಾರಿನ ಅಂಗಡಿಗಳಲ್ಲಿ ಇರುವುದು ಕ್ಯೂಆರ್ ಕೋಡ್. ಅದಕ್ಕೆ ಯುಪಿಐಗೆ ಜೋಡಿಸಬಹುದಾದ ರುಪೇ ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿದ್ದೇನೆ. ಮೂರನೆಯದು, ವಾರ್ಷಿಕ ಶುಲ್ಕವಿಲ್ಲದ ನನ್ನ ಅತಿ ಹಳೆಯ ಕಾರ್ಡ್. ಸಾಲದ ಇತಿಹಾಸ ಉದ್ದವಾಗಿರಲಿ ಎಂದೇ ಅದನ್ನು ಮುಚ್ಚಿಲ್ಲ. ಆಗಾಗ ಒಂದು ಮೊಬೈಲ್ ರೀಚಾರ್ಜ್, ಅಷ್ಟೇ. ಮೂರಕ್ಕೂ ಪೂರ್ತಿ ಮೊತ್ತದ ಆಟೋ ಡೆಬಿಟ್ ಇದೆ, ಕನಿಷ್ಠ ಮೊತ್ತದ್ದಲ್ಲ. ಕನಿಷ್ಠ ಕಟ್ಟಿ ಬಾಕಿ ಉಳಿಸಿದರೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಬಹುತೇಕ ಕಾರ್ಡುಗಳಲ್ಲಿ ಅದು ವರ್ಷಕ್ಕೆ ಶೇ 40 ದಾಟುತ್ತದೆ. ಯಾವ ಪಾಯಿಂಟೂ ಅದನ್ನು ತುಂಬಿಕೊಡಲಾರದು. ಬಿಲ್ಲಿನ ದಿನಾಂಕಗಳನ್ನೂ ನನ್ನ ಅನುಕೂಲಕ್ಕೆ ಬದಲಾಯಿಸಿಕೊಂಡೆ. ರಿಸರ್ವ್ ಬ್ಯಾಂಕ್ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ.

ನಾಲ್ಕನೆಯದೊಂದು ಇತ್ತು, ಬೇರೊಂದು ಬ್ಯಾಂಕಿನದು. ರದ್ದು ಮಾಡಲು ಬರೆದರೆ ಹೊಸ ಕೊಡುಗೆಗಳ ಕರೆಗಳೇ ಬಂದವು. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ಬ್ಯಾಂಕೇ ಗ್ರಾಹಕರಿಗೆ ದಿನಕ್ಕೆ 500 ರೂಪಾಯಿ ದಂಡ ಕೊಡಬೇಕು ಎಂಬ ನಿಯಮವನ್ನು ಇ-ಮೇಲಿನಲ್ಲಿ ನೆನಪಿಸಿದ ಮೇಲೆ ಕೆಲಸವಾಯಿತು.

ವರ್ಷಕ್ಕೆ ಕೆಲವು ಬಾರಿಯಾದರೂ ಕುಟುಂಬ ಸಮೇತ ವಿಮಾನ ಹತ್ತುವವರು, ಬಿಲ್ ಪೂರ್ತಿ ಕಟ್ಟುವವರು ಇನ್ಫಿನಿಯಾ ಧೈರ್ಯವಾಗಿ ತೆಗೆದುಕೊಳ್ಳಲಿ. ಉಳಿದವರಿಗೆ ಅದೇ ಬ್ಯಾಂಕಿನ ರೆಗಾಲಿಯಾ ಗೋಲ್ಡ್ ಕಾರ್ಡ್ ಸಾಕು. ನನ್ನ ತಮ್ಮನಿಗೆ ಅದನ್ನೇ ಕೊಡಿಸಿದ್ದೇನೆ.