ಹೊಸದು ತಗೊಳ್ಳಲಿಲ್ಲ, ಹಳೇ ಜೀಪನ್ನೇ ಕಟ್ಟಿಸಿದೆ: ಎಂಎಂ 540 ಜೊತೆ ಎರಡೂವರೆ ವರ್ಷ

ನಮ್ಮ ಮನೆಯಲ್ಲಿರುವುದು 1995ರ ಮಹೀಂದ್ರಾ ಎಂಎಂ 540, ಫೋರ್ ವೀಲ್ ಡ್ರೈವ್. ಅಪ್ಪ 2004ರಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದು. ಇಂಜಿನ್ ಪ್ಯೂಜೋ, 2112 ಸಿಸಿ ಡೀಸೆಲ್, 62 ಹಾರ್ಸ್ ಪವರ್. ನಾಲ್ಕೂ ಕಡೆ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ನಾಲ್ಕೂ ಕಡೆ ಡ್ರಮ್ ಬ್ರೇಕ್. ಪವರ್ ಸ್ಟೀರಿಂಗ್ ಇಲ್ಲ, ಎಸಿ ಇಲ್ಲ. 2023ರಲ್ಲಿ ಇದನ್ನು ಮಾರಿ ಹೊಸದು ತಗೊಳ್ಳಬೇಕೋ, ಪೂರ್ತಿ ಬಿಚ್ಚಿ ಕಟ್ಟಿಸಬೇಕೋ ಅಂತ ಆರು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಕಟ್ಟಿಸಿದೆ. ಎರಡೂವರೆ ವರ್ಷ ಓಡಿಸಿದ್ದೇನೆ, ಈಗ ಬರೆಯಬಹುದು ಅನ್ನಿಸಿತು.

ನಮ್ಮೂರು ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ಹೊಳೆಯ ಕಡೆ. ಹೊಲ ಪೂರ್ತಿ ಎರೆ, ತೊಗರಿ ಬೆಳೆಯುತ್ತೇವೆ. ಡಾಂಬರು ರಸ್ತೆಯಿಂದ ಹೊಲಕ್ಕೆ ಎರಡೂವರೆ ಕಿಲೋಮೀಟರ್ ಬಂಡಿ ದಾರಿ. ಎರೆ ಮಣ್ಣು ನೋಡದವರಿಗೆ ಇದನ್ನು ಹೇಳಲೇಬೇಕು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಕಲ್ಲಿನ ಹಾಗೆ ಇರುತ್ತದೆ. ಒಂದು ಒಳ್ಳೆ ಮಳೆ ಬಿದ್ದರೆ ಸಾಕು, ರೊಟ್ಟಿ ಹಿಟ್ಟು ನಾದಿದ ಕೈಗೆ ಹಿಟ್ಟು ಹೇಗೆ ಮೆತ್ತಿಕೊಳ್ಳುತ್ತದೋ ಹಾಗೆ ಟೈರಿಗೆ ಮೆತ್ತಿಕೊಳ್ಳುತ್ತದೆ. ಟೈರಿನ ಗುಂಡಿಗಳೆಲ್ಲ ತುಂಬಿ ನುಣ್ಣಗಾಗುತ್ತವೆ, ಆಮೇಲೆ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಗಾಡಿ ನಿಂತಲ್ಲೇ ತಿರುಗುತ್ತದೆ, ಇಲ್ಲ ಅಡ್ಡ ಜಾರಿ ಬದುವಿಗೆ ಬೀಳುತ್ತದೆ. ಬೈಕ್ ಆಗಲ್ಲ, ಕಾರಂತೂ ಮಾತೇ ಇಲ್ಲ. ತೊಗರಿಗೆ ಹೂವು ಬರೋ ಹೊತ್ತಿಗೆ ಕಾಯಿಕೊರಕಕ್ಕೆ ಔಷಧಿ ಹೊಡೆಯಬೇಕು, ಮಳೆ ನಿಂತು ದಾರಿ ಒಣಗಲಿ ಅಂತ ಕೂತರೆ ಹುಳ ಕಾಯುವುದಿಲ್ಲ.

ಜೀಪಿನ ಸಮಸ್ಯೆ ಏನಾಗಿತ್ತು ಅಂದರೆ, ಹೊಗೆ ಜಾಸ್ತಿ, ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ಪಕ್ಕದಿಂದ ಕೆಳಗೆ ಸೋರುವ ಗಾಳಿ) ಜಾಸ್ತಿ, ಆಯಿಲ್ ಕುಡಿಯುತ್ತಿತ್ತು, ಡಿಸೆಂಬರ್ ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ಇಬ್ಬರು ತಳ್ಳಬೇಕು. ನಾಲ್ಕನೇ ಗೇರ್ ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬರುತ್ತಿತ್ತು. ನೆಲದ ತಗಡಿನಲ್ಲಿ ತೂತು, ಅದರಲ್ಲಿ ರಸ್ತೆ ಕಾಣುತ್ತಿತ್ತು.

ಹೊಸದು ನೋಡಿದೆ. ಥಾರ್ ಶೋರೂಮ್‌ಗೆ ಹೋದಾಗ ಮೊದಲು ಬೆಲೆ ಕೇಳಿ ಖುಷಿಯಾಯಿತು, ಆಮೇಲೆ ಗೊತ್ತಾಯಿತು ಆ ಕಡಿಮೆ ಬೆಲೆಯದ್ದು 1.5 ಲೀಟರ್ ಡೀಸೆಲ್, ಹಿಂದಿನ ಚಕ್ರ ಮಾತ್ರ ಎಳೆಯುವಂಥದ್ದು. ನೋಡೋಕೆ ಎರಡೂ ಒಂದೇ, ಅದಕ್ಕೇ ಹೇಳುತ್ತಿದ್ದೇನೆ, ಹೊಲಕ್ಕೆ ಅಂತ ತಗೊಳ್ಳುವವರು ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಡೀಸೆಲ್‌ನಲ್ಲಿ ಫೋರ್ ವೀಲ್ ಬೇಕೆಂದರೆ 2.2 ಲೀಟರ್ ಇಂಜಿನ್‌ಗೆ ಹೋಗಬೇಕು, 130 ಹಾರ್ಸ್ ಪವರ್, ನಮ್ಮದರ ಎರಡು ಪಟ್ಟಿಗಿಂತ ಜಾಸ್ತಿ. ಗಾಡಿ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಜಿಮ್ನಿ ಕೂಡ ಓಡಿಸಿ ನೋಡಿದೆ. ಹಗುರ, ಕೆಸರಿನಲ್ಲಿ ಹಗುರ ಗಾಡಿಯೇ ಮೇಲು, ನನಗೆ ತುಂಬಾ ಹಿಡಿಸಿತು. ಆದರೆ ಬರೀ ಪೆಟ್ರೋಲ್, ನಾಲ್ಕೇ ಸೀಟು. ಔಷಧಿ ಡ್ರಮ್ಮು, ಸ್ಪ್ರೇಯರ್, ಬೀಜದ ಚೀಲ ಎಲ್ಲಿ ಹಾಕುವುದು? ಬೆಲೆ ವಿಷಯಕ್ಕೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. 4 ಮೀಟರ್ ಒಳಗಿನ ಗಾಡಿಗಳಲ್ಲಿ 1500 ಸಿಸಿ ಒಳಗಿನ ಡೀಸೆಲ್, 1200 ಸಿಸಿ ಒಳಗಿನ ಪೆಟ್ರೋಲ್ ಇದ್ದರೆ 18%. ಮೇಲೆ ಹೇಳಿದ ಥಾರ್ ಫೋರ್ ವೀಲ್, ಜಿಮ್ನಿ ಎರಡೂ ಆ ಮಿತಿ ದಾಟುತ್ತವೆ, 40% ಬೀಳುತ್ತದೆ. ಮೊದಲಿಗಿಂತ ಕಡಿಮೆಯೇ, ಆದರೂ ಹತ್ತು ಲಕ್ಷದ ಮೇಲಿನ ಮಾತು. ಒಂದು ವರ್ಷ ತೊಗರಿ ರೇಟು ಬಿದ್ದರೆ ಕಂತು ಎಲ್ಲಿಂದ ಕಟ್ಟಲಿ?

ಕಲಬುರಗಿಯಲ್ಲಿ ರಿಂಗ್ ರೋಡ್ ಕಡೆ ಒಬ್ಬ ಉಸ್ತಾದ್ ಇದ್ದಾರೆ, ಬರೀ ಜೀಪಿನ ಕೆಲಸ. ಅವರ ಹತ್ತಿರ ಹೋಗಿ ಇಂಜಿನ್‌ಗೆ ಎಷ್ಟಾಗುತ್ತದೆ ಅಂತ ಕೇಳಿದೆ. ಅವರು ಬಾನೆಟ್ ತೆಗೆಯಲೇ ಇಲ್ಲ. "ಇಂಜಿನ್ ಮಾತು ಆಮ್ಯಾಲ ಮಾತಾಡಮ್ರಿ ಅಣ್ಣಾ, ಮೊದ್ಲ ಚಾಸಿ ನೋಡಮು" ಅಂದರು. ಚಾಸಿ ಅಂದರೆ ಗಾಡಿಯ ಭಾರವೆಲ್ಲ ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು. ಗಾಡಿ ಕೆಳಗೆ ಮಲಗಿ ಸಣ್ಣ ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ಬಡಿಯುತ್ತಾ ಬಂದರು. ಟಣ್ ಟಣ್ ಟಣ್. ಹಿಂದಿನ ಪಾಟಾ ಕೂರುವ ಜಾಗಕ್ಕೆ ಬಂದಾಗ ಸದ್ದು ಬದಲಾಯಿತು, ಒದ್ದೆ ಗೋಡೆ ಬಡಿದ ಹಾಗೆ ದಪ್ ಅಂದಿತು. ನನ್ನ ಎದೆ ಧಸಕ್ ಎಂದಿತು. ಅವರು ಒಂದು ಕಬ್ಬಿಣದ ಕಡ್ಡಿ ತಗೊಂಡು ಚಾಸಿಯ ತೂತಿನೊಳಗೆ ಹಾಕಿ ಎಳೆದರು. ಒಳಗಿಂದ ಗಟ್ಟಿ ಎರೆ ಮಣ್ಣು, ಹೆಂಟೆ ಹೆಂಟೆಯಾಗಿ ಬಂತು. ಅರ್ಧ ಬಕೆಟ್ ಆಯಿತು. ಮಧ್ಯದಲ್ಲಿ ತೊಗರಿ ಹೊಟ್ಟು ಕೂಡ ಇತ್ತು, ಎಷ್ಟು ವರ್ಷದ್ದೋ. ಮಣ್ಣು ತೆಗೆದು ಮತ್ತೆ ಬಡಿದರೆ ಟಣ್ ಅಂದಿತು. ಒಂದು ಗೇಣಿನಷ್ಟು ಜಾಗ ಮಾತ್ರ ತುಕ್ಕು ತಿಂದು ತೆಳುವಾಗಿತ್ತು. "ಇದು ಬದುಕ್ತದ, ಮಾಡಮು" ಅಂದರು.

ನಾನು ಇಷ್ಟು ಬರೆಯುತ್ತಿರುವುದೇ ಈ ಒಂದು ವಿಷಯಕ್ಕೆ. ಎಲ್ಲರೂ ಇಂಜಿನ್ ನೋಡಿ ನಿರ್ಧಾರ ಮಾಡುತ್ತಾರೆ. ಇಂಜಿನ್ ಬೋರ್ ಮಾಡಿಸಬಹುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು, ದುಡ್ಡಿದ್ದರೆ ಎಲ್ಲ ಆಗುತ್ತದೆ. ಚಾಸಿ ಕೊಳೆತಿದ್ದರೆ ಎಷ್ಟು ಸುರಿದರೂ ದಂಡ. ಅದರಲ್ಲೂ ನಮ್ಮ ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗಿಂದ ತಿನ್ನುತ್ತದೆ. ಸೆಕೆಂಡ್ ಹ್ಯಾಂಡ್ ಜೀಪ್ ತಗೊಳ್ಳುವವರೂ ಇದನ್ನೇ ಮಾಡಿ, ಸುತ್ತಿಗೆ ಹಿಡಿದುಕೊಂಡೇ ಹೋಗಿ.

ಲೆಕ್ಕ ಹೇಳುತ್ತೇನೆ. ಇಂಜಿನ್‌ಗೆ, ಅಂದರೆ ಬೋರ್, ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಕೆಲಸ, ಡೀಸೆಲ್ ಪಂಪು, ನಾಝಲ್ ಎಲ್ಲ ಸೇರಿ ಸುಮಾರು 95 ಸಾವಿರ. ಗೇರ್ ಬಾಕ್ಸ್, ಫೋರ್ ವೀಲ್ ಬಾಕ್ಸ್, ಮುಂದಿನ ಹಿಂದಿನ ಎರಡೂ ಆಕ್ಸಲ್ ಹೌಸಿಂಗ್‌ಗೆ 58 ಸಾವಿರ. ಚಾಸಿ ವೆಲ್ಡಿಂಗ್, ನೆಲದ ತಗಡು, ಬಣ್ಣಕ್ಕೆ 70 ಸಾವಿರ. ಟೈರು, ವೈರಿಂಗ್, ಬ್ರೇಕು, ಹುಡ್ಡು ಸೇರಿ ಒಟ್ಟು 2 ಲಕ್ಷ 80 ಸಾವಿರ ದಾಟಿತು. ಮೂರು ತಿಂಗಳು ಅಂದಿದ್ದು ಐದು ತಿಂಗಳಾಯಿತು. ಪ್ಯೂಜೋ ಇಂಜಿನ್ ಸಾಮಾನು ಇಲ್ಲಿ ಸಿಗುವುದಿಲ್ಲ, ಎರಡು ಸಲ ಸಿಕಂದರಾಬಾದ್ ರಾಣಿಗಂಜ್‌ಗೆ ಹೋಗಿ ಅಂಗಡಿ ಅಂಗಡಿ ಸುತ್ತಿ ತಂದೆ. ಬೊಲೆರೊದ ಡಿಐ ಇಂಜಿನ್ ಕೂರಿಸು, ಸಾಮಾನು ಎಲ್ಲಿ ಬೇಕಾದರೂ ಸಿಗುತ್ತದೆ ಅಂತ ಬಹಳ ಜನ ಹೇಳಿದರು. ಅದು ನಿಜ. ಆದರೆ ಇಂಜಿನ್ ಬದಲಾದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಂಬರ್ ತಿದ್ದಿಸಬೇಕು. ಸುಮ್ನೆ ಕೂರಿಸಿಕೊಂಡು ಓಡಿಸಿದರೆ ನಾಳೆ ಆರ್‌ಸಿ ನವೀಕರಣದ ದಿನ ಗಾಡಿ ನಿಂತುಹೋಗುತ್ತದೆ.

ಒಂದು ಪೆಟ್ಟು ಬಿತ್ತು, ಅದನ್ನೂ ಹೇಳಬೇಕು. 2023ರ ಡಿಸೆಂಬರ್‌ನಲ್ಲಿ ಗಾಡಿ ಮನೆಗೆ ಬಂತು, ತೊಗರಿ ರಾಶಿ ಪೂರ್ತಿ ಚೆನ್ನಾಗಿ ದುಡಿಯಿತು. 2024ರ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಶಹಾಬಾದ್ ಕಡೆಯಿಂದ ಬರುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಹೆಡ್ ಗ್ಯಾಸ್ಕೆಟ್ ಹೋಯಿತು. ಕಾರಣ ರೇಡಿಯೇಟರ್. ಅದನ್ನು ಸ್ವಚ್ಛ ಮಾಡಲು ಕೊಟ್ಟಿದ್ದ ಅಂಗಡಿಯವರು ಮೇಲೆ ಬಣ್ಣ ಹೊಡೆದು ಕೊಟ್ಟಿದ್ದರು ಅಷ್ಟೇ, ಒಳಗಿನ ಸಣ್ಣ ನಳಿಗೆಗಳು ಅರ್ಧ ಮುಚ್ಚಿದ್ದವು. ನಾನೂ ನೀರು ಬಿಟ್ಟು ನೋಡಲಿಲ್ಲ. ಮತ್ತೆ 18 ಸಾವಿರ ಹೋಯಿತು. ಇಂಜಿನ್‌ಗೆ ಲಕ್ಷ ಹಾಕುವವರು ರೇಡಿಯೇಟರ್ ಹೊಸದನ್ನೇ ಹಾಕಿಸಿ, ನೀರಿನ ಪಂಪು, ಪೈಪು ಎಲ್ಲ ಬದಲಿಸಿ. 42 ಡಿಗ್ರಿ ಬಿಸಿಲು ನಮ್ಮಲ್ಲಿ ಮಾಮೂಲು, ಅಲ್ವಾ?

ಈಗ ಹೇಗಿದೆ ಅಂದರೆ, 2025ರ ಸೆಪ್ಟೆಂಬರ್‌ನಲ್ಲಿ ಭೀಮಾ, ಕಾಗಿಣಾ ತುಂಬಿ ಹರಿದಾಗ ನಮ್ಮ ಹೊಲದ ದಾರಿಯಲ್ಲಿ ಹದಿನೈದು ದಿನ ಟ್ರ್ಯಾಕ್ಟರ್ ಬಿಟ್ಟರೆ ಇದೊಂದೇ ಓಡಾಡಿತು. ಫೋರ್ ವೀಲ್ ಬಾಕ್ಸಿನ ಲೋ ಗೇರ್ ಹಾಕಿ, ಮಾಮೂಲು ಗೇರ್ ಎರಡನೆಯದರಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ಬಿಟ್ಟರೆ ಎತ್ತು ನಡೆದ ಹಾಗೆ ನಡೆಯುತ್ತದೆ. 6.00-16 ಸಣ್ಣ ಟೈರನ್ನೇ ಉಳಿಸಿಕೊಂಡಿದ್ದೇನೆ. ಅಗಲ ಟೈರು ಹಾಕಿಸು ಅಂತ ಹುಡುಗರು ಹೇಳುತ್ತಾರೆ, ನಮ್ಮ ದಾರಿಗೆ ಅದು ಬೇಡ. ಸಣ್ಣ ಟೈರು ಮೇಲಿನ ರಾಡಿ ಸೀಳಿಕೊಂಡು ಕೆಳಗಿನ ಗಟ್ಟಿ ಮುರುಮಿಗೆ (ಗರಸು ಮಣ್ಣಿಗೆ) ಕಾಲೂರುತ್ತದೆ.

ಮೈಲೇಜ್ ಲೀಟರಿಗೆ 11. ಹೆದ್ದಾರಿಯಲ್ಲಿ 60ರ ಮೇಲೆ ಓಡಿಸುವುದಿಲ್ಲ, ನೀರಲ್ಲಿ ಇಳಿದು ಬಂದ ಮೇಲೆ ಡ್ರಮ್ ಬ್ರೇಕ್ ಹಿಡಿಯಲು ಸ್ವಲ್ಪ ಹೊತ್ತು ಬೇಕು, ಏರ್ ಬ್ಯಾಗ್ ಅನ್ನೋದು ಇಲ್ಲವೇ ಇಲ್ಲ. ಹೆಂಡತಿ ಮಕ್ಕಳನ್ನು ಹೈದರಾಬಾದ್‌ಗೆ ಕರೆದುಕೊಂಡು ಹೋಗಲು ಇದನ್ನು ನಾನು ತೆಗೆಯುವುದಿಲ್ಲ, ಬಸ್ಸಿಗೆ ಹೋಗುತ್ತೇವೆ. ನಿಮ್ಮ ಗಾಡಿ ವಾರಕ್ಕೆ ನಾಲ್ಕು ದಿನ ಹೆದ್ದಾರಿಯಲ್ಲೇ ಓಡುವುದಾದರೆ ಕಟ್ಟಿಸಬೇಡಿ, ಹೊಸದೇ ತಗೊಳ್ಳಿ.

ಕಾಗದದ ಮಾತು. 15 ವರ್ಷ ಆದ ಗಾಡಿ ಗುಜರಿಗೇ ಹೋಗಬೇಕು ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. 10 ವರ್ಷದ ಡೀಸೆಲ್ ನಿರ್ಬಂಧದ ಸುದ್ದಿ ದೆಹಲಿ ಸುತ್ತಮುತ್ತದ್ದು. ನಮ್ಮಲ್ಲಿ 15 ವರ್ಷದ ನಂತರ ಗಾಡಿ ತೋರಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು. ಶುಲ್ಕ ಮಾತ್ರ ಏರಿದೆ, 20 ವರ್ಷ ದಾಟಿದ ಕಾರು ಜೀಪಿಗೆ 5,000 ಇದ್ದದ್ದು 2025ರ ಆಗಸ್ಟ್‌ನಲ್ಲಿ 10,000 ಆಯಿತು. ನನ್ನದು ಅಕ್ಟೋಬರ್‌ನಲ್ಲಿ ಬಂತು, ಹಸಿರು ತೆರಿಗೆ ಬೇರೆ ಕಟ್ಟಿದೆ.

ಈಗ ಬಾಕಿ ಇರುವುದು ಮುಂದಿನ ಎಡ ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಕಡೆಯ ಕಿಂಗ್ ಪಿನ್ ಬೇರಿಂಗ್, ಸ್ಟೀರಿಂಗ್ ಸ್ವಲ್ಪ ಅಲುಗುತ್ತಿದೆ. ಮೃಗಶಿರಾ ಮಳೆಗೆ ಮೊದಲು ಹಾಕಿಸಬೇಕು ಅಂತ ಉಸ್ತಾದ್‌ಗೆ ಹೇಳಿಟ್ಟಿದ್ದೇನೆ. ಹಾಗೇ ಚಾಸಿಯೊಳಗೆ ಮತ್ತೊಮ್ಮೆ ಕಡ್ಡಿ ಹಾಕಿ ಎಳೆಯಬೇಕು.