ಸ್ಟಿಕರ್ ನೋಡಿ ಲ್ಯಾಪ್‌ಟಾಪ್ ತಗೋಬೇಡಿ, ಸಂಗೀತ ನುಡಿಸೋರು ದಯವಿಟ್ಟು ಓದಿ

ಕೀಬೋರ್ಡ್ ನುಡಿಸೋರು, ಟ್ರ್ಯಾಕ್ ಹಾಕೋರು, ಆರ್ಕೆಸ್ಟ್ರಾದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡೋರು ಎಲ್ಲರೂ ಇದನ್ನು ಪೂರ್ತಿ ಓದಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಟ್ಟು ನನಗೆ 26,500 ರೂಪಾಯಿಗೆ ಟೋಪಿ ಹಾಕಿದ್ದಾರೆ. ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ದಡ ಸೇರಲಿ. ಆದರೆ ಟೋಪಿ ಹಾಕಿದ ರೀತಿ ಹೇಳಲೇಬೇಕು. ನನಗೆ ಮಾಡಿದ್ದನ್ನೇ ನಾಳೆ ನಿಮಗೂ ಮಾಡುತ್ತಾರೆ.

ನನ್ನದು ಮಿಡಿ ಕೀಬೋರ್ಡ್. ಅದರಲ್ಲಿ ಸ್ವಂತ ಟೋನ್ ಇಲ್ಲ. ಪಿಯಾನೋ, ಸ್ಟ್ರಿಂಗ್ಸ್, ಕೊಳಲು ಎಲ್ಲ ಲ್ಯಾಪ್‌ಟಾಪ್‌ನಿಂದಲೇ ಬರಬೇಕು. ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿತ್ತು. ಹೊಸದಕ್ಕೆ 55ರಿಂದ 60 ಸಾವಿರ ಹೇಳುತ್ತಿದ್ದರು. ಗಣೇಶನ ಹಬ್ಬದ ಕಾರ್ಯಕ್ರಮಗಳು ಹತ್ತಿರ ಬಂದಿದ್ದವು, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಹಾಗಾಗಿ ತುಮಕೂರಿನಿಂದ ಬಸ್ ಹತ್ತಿ ಎಸ್.ಪಿ. ರಸ್ತೆಗೆ ಹೋದೆ.

ಆ ಅಂಗಡಿಯವನಿಗೆ ಮೊದಲ ಮಾತಲ್ಲೇ ಹೇಳಿದೆ, 'ಅಣ್ಣ, ಸ್ಟೇಜ್ ಮೇಲೆ ಲೈವ್ ನುಡಿಸೋಕೆ ಬೇಕು, ಸುಮ್ನೆ ಸಿನಿಮಾ ನೋಡೋಕಲ್ಲ.' ಅವನು 'ಮ್ಯೂಸಿಕ್‌ಗೆ ಅಂತಾನೇ ಒಂದು ಪೀಸ್ ಇದೆ ಸಾರ್' ಅಂತ ಒಳಗಿನಿಂದ ಒಂದನ್ನು ತಂದ. ಐಟಿ ಕಂಪನಿಯಿಂದ ಲಾಟ್‌ನಲ್ಲಿ ಬಂದದ್ದಂತೆ. ಇಂಟೆಲ್ ಐ7 ಪ್ರೊಸೆಸರ್, 8ನೇ ಜನರೇಷನ್ (ಅಂದರೆ 8ನೇ ಪೀಳಿಗೆಯದು, ನಂಬರ್ ದೊಡ್ಡದಾದಷ್ಟೂ ಹೊಸದು), 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಕೈ ಇಡುವ ಜಾಗದಲ್ಲಿ 8ನೇ ಜನರೇಷನ್ನಿನ ಸ್ಟಿಕರ್ ಪಳಪಳ ಹೊಳೆಯುತ್ತಿತ್ತು. 'ಹೊಸದು ತಗೊಂಡ್ರೆ ಬರೀ ಪ್ಲಾಸ್ಟಿಕ್ ಸಾರ್, ಇದು ಬಿಸಿನೆಸ್ ಸೀರೀಸ್, ಎತ್ತಿ ಹಾಕಿದರೂ ಏನೂ ಆಗಲ್ಲ' ಅಂದ. ವಿವರದ ಪರದೆ ತೆರೆದು 'ನೋಡಿ ಸಾರ್, ಐ7' ಅಂತ ಬೆರಳಿಟ್ಟು ತೋರಿಸಿದ. ಅದರ ಮುಂದಿನ ನಂಬರ್ ಓದುವಷ್ಟರಲ್ಲಿ ಮುಚ್ಚಿ ಯೂಟ್ಯೂಬ್‌ನಲ್ಲಿ ಒಂದು ಹಾಡು ಹಾಕಿದ, ಫುಲ್ ವಾಲ್ಯೂಮ್. 'ಹೆಂಗಿದೆ ಸಾರ್ ಕ್ಲಾರಿಟಿ?'

ಇಲ್ಲೇ ಇರೋದು ಆಟ. ಹಾಡು ಹಾಕೋದಕ್ಕೆ ಲ್ಯಾಪ್‌ಟಾಪ್ ಏನೂ ಕಷ್ಟಪಡಬೇಕಿಲ್ಲ, ಹತ್ತು ವರ್ಷ ಹಳೆಯದೂ ಚೆನ್ನಾಗಿಯೇ ಹಾಡುತ್ತದೆ. ಕೀ ಒತ್ತಿದ ಕೂಡಲೇ ಟೋನ್ ಲೆಕ್ಕ ಹಾಕಿ ಹೊರಗೆ ಬಿಡೋದು ಬೇರೆಯೇ ಕೆಲಸ. ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಚಿಕ್ಕ ತುಣುಕು) ರೇಟ್‌ನಲ್ಲಿ ಬಫರ್, ಅಂದರೆ ಒಂದು ಸಲಕ್ಕೆ ಲೆಕ್ಕ ಹಾಕೋ ಸ್ಯಾಂಪಲ್‌ಗಳ ಸಂಖ್ಯೆ, 128 ಇಟ್ಟರೆ ಪ್ರೊಸೆಸರ್‌ಗೆ ಪ್ರತಿ ಸಲ ಸಿಗೋದು 3 ಮಿಲಿಸೆಕೆಂಡ್‌ಗೂ ಕಡಿಮೆ. ಅಷ್ಟರಲ್ಲಿ ಮುಗಿಸದಿದ್ದರೆ ಸ್ಪೀಕರ್‌ನಲ್ಲಿ ಟಪ್ ಅನ್ನುತ್ತದೆ. ಬಫರನ್ನು 1024ಕ್ಕೆ ಏರಿಸಿದರೆ ಟಪ್ ಟಪ್ ನಿಲ್ಲಬಹುದು, ಆದರೆ ಬಫರ್ ಒಂದರಿಂದಲೇ 23 ಮಿಲಿಸೆಕೆಂಡ್ ತಡ. ಕೈ ಒಂದು ಕಡೆ, ತಾಳ ಒಂದು ಕಡೆ ಆಗುತ್ತದೆ. ನುಡಿಸೋರಿಗೆ ಇದು ಗೊತ್ತೇ ಇದೆ, ಅಲ್ವಾ. ಅಂಗಡಿಯವನಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಯೂಟ್ಯೂಬ್ ಹಾಕಿದ.

ಬಿಲ್ ಕೇಳಿದೆ. 'ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತೆ ಸಾರ್, ಸುಮ್ನೆ ಯಾಕೆ?' ಅಂದ. ತನ್ನ ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ನಲ್ಲಿ 'ಐ7 8ನೇ ಜನರೇಷನ್, 3 ತಿಂಗಳು ವಾರಂಟಿ' ಅಂತ ಗೀಚಿ ಕೊಟ್ಟ. ಸಹಿ ಇಲ್ಲ, ತಾರೀಕು ಇಲ್ಲ. ದುಡ್ಡು ಯುಪಿಐನಲ್ಲಿ ಹಾಕಿದೆ, ಅದೊಂದೇ ಈಗ ನನ್ನ ಕೈಯಲ್ಲಿರುವ ಗಟ್ಟಿ ಸಾಕ್ಷಿ.

ಮನೆಯಲ್ಲಿ ಒಂದೊಂದೇ ಟೋನ್ ಹಾಕಿ ನುಡಿಸಿದಾಗ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಗಣೇಶನ ಪೆಂಡಾಲ್‌ನಲ್ಲಿ, ಊರ ಜನರೆಲ್ಲ ಕೂತಿರುವಾಗ. ಶೀಟಿನ ಕೆಳಗಿನ ಸೆಕೆ, ಮೇಲೆ ಫೋಕಸ್ ಲೈಟ್. ಪಿಯಾನೋ ಜೊತೆ ಸ್ಟ್ರಿಂಗ್ಸ್ ಸೇರಿಸಿ, ಸ್ವರ ನಿಲ್ಲದೆ ಎಳೆಯೋ ಸಸ್ಟೈನ್ ಪೆಡಲ್ ಒತ್ತಿದೆ. ಟಪ್. ಟಪ್ ಟಪ್. ಸೌಂಡ್‌ನವರು ಕೇಬಲ್ ಅಂತ ಓಡಿ ಬಂದು ಕೇಬಲ್ ಬದಲಾಯಿಸಿದರು. ಪಲ್ಲವಿ ಮುಗಿಯುವ ಹೊತ್ತಿಗೆ ಒಂದು ಸ್ವರ ಹಾಗೇ ಸಿಕ್ಕಿಕೊಂಡು ಸೈರನ್ ಥರ ಕೂಗತೊಡಗಿತು. ಹಾಡುತ್ತಿದ್ದ ಅಕ್ಕ ಮೈಕ್ ಕೆಳಗಿಳಿಸಿ ನನ್ನ ಕಡೆ ತಿರುಗಿದರು. ಏನೂ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಕಮಿಟಿಯವರು ಮೈಕ್ ಇಸ್ಕೊಂಡು ದಾನಿಗಳ ಹೆಸರು ಓದಲು ಶುರು ಮಾಡಿದರು. ಹಿಂದಿನಿಂದ ಯಾರೋ 'ಕ್ಯಾಸೆಟ್ ಹಾಕ್ರೋ' ಅಂದದ್ದು ಇನ್ನೂ ಕಿವಿಯಲ್ಲಿದೆ. ಇಷ್ಟು ವರ್ಷ ನುಡಿಸಿದವನಿಗೆ ತಲೆ ಎತ್ತಿ ನೋಡೋಕೆ ಆಗಲಿಲ್ಲ. ಒಪ್ಪಿದ ಸಂಭಾವನೆಯಲ್ಲೂ ಹಿಡಿದುಕೊಂಡರು.

ಮರುದಿನ ನಮ್ಮೂರಿನ ಸರ್ವೀಸ್ ಹುಡುಗನ ಹತ್ತಿರ ತಗೊಂಡು ಹೋದೆ. ಅವನು ಮೊದಲು ಪ್ರೊಸೆಸರ್ ಹೆಸರು ಪೂರ್ತಿ ಓದಿಸಿದ. ಐ7-6600ಯು. 8ನೇ ಜನರೇಷನ್ ಅಲ್ಲ, 6ನೇದು. 2015ರ ಚಿಪ್. ಇದರಲ್ಲಿ ಇರೋದು ಎರಡೇ ಕೋರ್, ಅಂದರೆ ಒಟ್ಟಿಗೆ ಲೆಕ್ಕ ಮಾಡೋ ಎರಡೇ ಘಟಕ. 8ನೇ ಜನರೇಷನ್ನಿನ ಐ5-8250ಯು ಕೂಡ ನಾಲ್ಕು ಕೋರ್‌ನದು. ಅಂದರೆ ಹೆಸರಿಗೆ ಐ7, ಆದರೆ 8ನೇ ಜನರೇಷನ್ನಿನ ಐ5ರ ಅರ್ಧದಷ್ಟು ಕೋರ್.

ಆಮೇಲೆ ಉಗುರಲ್ಲಿ ಆ ಸ್ಟಿಕರ್ ಎಬ್ಬಿಸಿದ. ಕೆಳಗೆ ಹಳೇ ಸ್ಟಿಕರ್‌ನ ಅಂಟು ಕಪ್ಪಗೆ ಚೌಕವಾಗಿ ಕೂತಿತ್ತು, ಹೊಸ ಸ್ಟಿಕರ್‌ಗಿಂತ ಒಂದು ಎಳೆ ದೊಡ್ಡದಾಗಿ. ನನಗೆ ಮೈಯೆಲ್ಲ ಉರಿದುಹೋಯಿತು. ಚಾರ್ಜರ್ ತಿರುಗಿಸಿದರೆ ಅಲ್ಲೂ ಅದೇ ಕಥೆ. 65 ವ್ಯಾಟ್ ಅಂತ ಅಂಟಿಸಿದ್ದ ಚೀಟಿಯ ಕೆಳಗೆ 45 ವ್ಯಾಟ್. ಕಡಿಮೆ ವ್ಯಾಟ್‌ನ ಚಾರ್ಜರ್ ಹಾಕಿದರೆ ಎಷ್ಟೋ ಲ್ಯಾಪ್‌ಟಾಪ್‌ಗಳು ತಾವೇ ಪ್ರೊಸೆಸರ್ ವೇಗ ಇಳಿಸಿಬಿಡುತ್ತವೆ. ಒಳಗೆ ಫ್ಯಾನ್ ತುಂಬ ಧೂಳು, ಚಿಪ್‌ನ ಬಿಸಿಯನ್ನು ಹೊರಗೆ ಸಾಗಿಸೋ ಥರ್ಮಲ್ ಪೇಸ್ಟ್ ಒಣಗಿ ಪುಡಿ ಪುಡಿ. ಎರಡೂ ಸೇರಿ ಬಿಸಿಗೆ ವೇಗ ಕುಸಿದು ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ಬರುತ್ತಿತ್ತು. ಪೆಂಡಾಲ್‌ನಲ್ಲಿ ಆಗಿದ್ದು ಇದೇ.

ಅಂಗಡಿಯವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗ್ಹಾಗೇ ಬರೆಯುತ್ತೇನೆ, ನಿಮಗೂ ಇವೇ ಸಿಗುತ್ತವೆ.

'ಹಾಡು ಬರ್ತಿದೆ ಅಲ್ವಾ ಸಾರ್? ಇನ್ನೇನು ಬೇಕು?'

'ಅದು ನಿಮ್ಮ ಸಾಫ್ಟ್‌ವೇರ್ ಪ್ರಾಬ್ಲಮ್. ವಾರಂಟಿ ಹಾರ್ಡ್‌ವೇರ್‌ಗೆ ಮಾತ್ರ.'

6ನೇ ಜನರೇಷನ್ ಅಂದೆ. 'ವಿಂಡೋಸ್ 11 ಓಡ್ತಿದೆ ನೋಡಿ ಸಾರ್. 6ನೇದಾಗಿದ್ರೆ ಓಡ್ತಿತ್ತಾ?' ಇದು ದೊಡ್ಡ ಮೋಸ, ಗಮನ ಇಟ್ಟು ಕೇಳಿ. ಇಂಟೆಲ್‌ನಲ್ಲಿ ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಮೇಲಿನದೇ ಬೇಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ, ನಿಜ. ಆದರೆ ಆ ತಪಾಸಣೆ ತಪ್ಪಿಸಿ ಹಳೇ ಲ್ಯಾಪ್‌ಟಾಪ್‌ಗೂ ಪೆನ್‌ಡ್ರೈವ್‌ನಿಂದ ಹಾಕಬಹುದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹಳೇ ಸರಕು ಖಾಲಿ ಮಾಡೋರಿಗೆ ಈ ದಾರಿ ಬಹಳ ಅನುಕೂಲ. ವಿಂಡೋಸ್ 11 ಇದೆ ಅಂದಮಾತ್ರಕ್ಕೆ 8ನೇ ಜನರೇಷನ್ ಅಲ್ಲ. ಮತ್ತೆ ಹೇಳುತ್ತೇನೆ, ಅಲ್ಲ.

ಸ್ಟಿಕರ್ ಕೆಳಗಿನ ಅಂಟಿನ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಸಂಜೆ ಮತ್ತೆ ಮಾಡಿದಾಗ ದನಿ ಬದಲಾಗಿತ್ತು. 'ನೋಡ್ಕೊಂಡೇ ತಗೊಂಡ್ರಲ್ಲ ಸಾರ್. ಬಿಲ್ ಇದೆಯಾ? ಬೇಕಾದ್ರೆ ತಂದುಕೊಡಿ, 11 ಸಾವಿರ ಕೊಡ್ತೀನಿ.' ತಾನೇ ಬಿಲ್ ಬೇಡ ಅಂದವನು ಬಿಲ್ ಇದೆಯಾ ಅಂತ ಕೇಳುತ್ತಾನೆ! ತಾನೇ 26,500ಕ್ಕೆ ಮಾರಿದ್ದನ್ನು 11 ಸಾವಿರಕ್ಕೆ ಕೇಳುತ್ತಾನೆ! ಅದಾದ ಮೇಲೆ ಫೋನ್ ಎತ್ತಿಲ್ಲ.

ಬ್ಯಾಟರಿ, ಸರಿಯಾದ ಚಾರ್ಜರ್, ಸರ್ವೀಸ್ ಎಲ್ಲ ಸೇರಿ ಇನ್ನೂ 6,000 ಹೋಯಿತು. ಒಟ್ಟು 32,500. ಇಷ್ಟಾದರೂ ಎರಡು ಟೋನ್ ಮೇಲೆ ಮೂರನೆಯದು ಸೇರಿಸಿದರೆ ಟಪ್ ಅನ್ನುತ್ತದೆ. ಇದಕ್ಕೆ ಇನ್ನೊಂದಿಷ್ಟು ಹಾಕಿ ಕಂತಿನಲ್ಲಿ ಹೊಸದೇ ತಗೊಳ್ಳಬಹುದಿತ್ತು.

ಸೆಕೆಂಡ್ ಹ್ಯಾಂಡೇ ಬೇಕು ಅನ್ನೋರು ಪ್ರೊಸೆಸರ್‌ನ ಪೂರ್ತಿ ನಂಬರ್ ಫೋಟೋ ತೆಗೆದುಕೊಳ್ಳಿ. ಹಳೇ ಇಂಟೆಲ್‌ನಲ್ಲಿ ಅಡ್ಡಗೆರೆ ಆದಮೇಲೆ ಬರುವ ನಾಲ್ಕಂಕಿಯ ಮೊದಲನೆಯದೇ ಜನರೇಷನ್. ನಿಮ್ಮ ಕೀಬೋರ್ಡ್, ಸೌಂಡ್ ಕಾರ್ಡ್ ಹೊತ್ತುಕೊಂಡು ಹೋಗಿ, ಅಂಗಡಿಯಲ್ಲೇ ಅರ್ಧ ಗಂಟೆ ನುಡಿಸಿ. ಲ್ಯಾಪ್‌ಟಾಪ್ ಧ್ವನಿಯನ್ನು ತಡೆಯಿಲ್ಲದೆ ನಿಭಾಯಿಸುತ್ತದಾ ಅಂತ ಪರೀಕ್ಷಿಸೋಕೆ ಲೇಟೆನ್ಸಿಮಾನ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಅದನ್ನು ಓಡಿಸಿ ನೋಡಿ. ಬಿಡಲ್ಲ ಅಂದರೆ ಎದ್ದು ಬನ್ನಿ. ಬಿಲ್ ಕೊಡಲ್ಲ ಅನ್ನೋನ ಅಂಗಡಿ ಮೆಟ್ಟಿಲು ಹತ್ತಲೇಬೇಡಿ, ಅವನು ಎಷ್ಟೇ ಸಾರ್ ಸಾರ್ ಅನ್ನಲಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಯುಪಿಐ ದಾಖಲೆ, ವಾಟ್ಸ್ಆ್ಯಪ್ ಮಾತು, ಕಾರ್ಡ್ ಹಿಂದಿನ ಅವನ ಕೈಬರಹ ಎಲ್ಲ ಎತ್ತಿಟ್ಟಿದ್ದೇನೆ. ಇದೇ ಥರ ಆಗಿರೋರು ನೀವೂ ದೂರು ಕೊಡಿ, ನಾಚಿಕೊಂಡು ಸುಮ್ಮನಿರಬೇಡಿ.

ಇವತ್ತು ಬೆಳಿಗ್ಗೆ ಆ ಅಂಗಡಿಯವನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಹೊಸ ಫೋಟೋ ಬಂದಿದೆ. 'ಐ7 8ನೇ ಜನರೇಷನ್, ಮ್ಯೂಸಿಕ್‌ಗೆ ಬೆಸ್ಟ್, ರಾಜ್ಯೋತ್ಸವ ಆಫರ್.' ಸ್ಟಿಕರ್ ದೊಡ್ಡದಾಗಿ ಕಾಣುತ್ತದೆ, ಪ್ರೊಸೆಸರ್ ನಂಬರ್ ಇರುವ ಪರದೆ ಮಾತ್ರ ಎಲ್ಲೂ ಇಲ್ಲ. ಅಡ್ವಾನ್ಸ್ ಹಾಕಿರೋರು ಇದ್ದರೆ ಇವತ್ತೇ ಆ ನಂಬರ್ ಕೇಳಿ.