ಮೂರನೇ ಹಾರ್ಡ್ ಡಿಸ್ಕ್ ಕೊಳ್ಳುವ ಮೊದಲು ಹಳದಿ ವಯರ್ ನೋಡಿ

ಕಾರವಾರದ ಕೋಡಿಬಾಗದ ಒಂದು ಮನೆಯ ಕಂಪ್ಯೂಟರಿನಲ್ಲಿ ಹದಿನಾಲ್ಕು ತಿಂಗಳೊಳಗೆ ಮೂರು ಹಾರ್ಡ್ ಡಿಸ್ಕ್ ಹೋದವು. ಮೂರೂ 1 ಟಿಬಿಯ, 3.5 ಇಂಚಿನ ಡಿಸ್ಕ್‌ಗಳು. ಕಂಪನಿ ಮಾತ್ರ ಬೇರೆ ಬೇರೆ. ಪ್ರತಿ ಸಲ ಅಂಗಡಿಯಲ್ಲಿ ಸಿಕ್ಕ ಉತ್ತರ ಒಂದೇ: "ಡಿಸ್ಕ್ ಹೋಯ್ತು, ಹೊಸದು ಹಾಕ್ಬೇಕು." ಎರಡನೇ ಸಲ "ಈಗಿನ ಮಾಲೇ ಹಾಗೆ ಬಿಡಿ" ಎಂಬ ಸಮಾಧಾನವೂ ಸೇರಿತು. ಮೂರನೆಯದರ ಜೊತೆ ಮದುವೆಯ ಫೋಟೋ, ತೋಟದ ಲೆಕ್ಕ, ಜಾಗದ ಕಾಗದಪತ್ರಗಳ ಸ್ಕ್ಯಾನ್ ಎಲ್ಲಾ ಹೋಯಿತು. ಆಮೇಲೆ ಕ್ಯಾಬಿನೆಟ್ ಬಿಚ್ಚಿ ಅಳೆದು ನೋಡಿದಾಗ ಸಿಕ್ಕಿಬಿದ್ದದ್ದು ಡಿಸ್ಕ್‌ಗೆ ಕರೆಂಟ್ ಕೊಡುವ ಗೇಣುದ್ದದ ಕನ್ವರ್ಟರ್ ವಯರ್, ಮತ್ತು ಅದರ ಹಿಂದಿದ್ದ ಮುದಿ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ.

ಒಂದು ಡಿಸ್ಕ್ ಸಾಯುವುದು ದೊಡ್ಡ ಸಂಗತಿಯಲ್ಲ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ಯಂತ್ರ ಅದು, ಎಂದೋ ಒಂದು ದಿನ ನಿಲ್ಲಲೇಬೇಕು. ಆದರೆ ಅದೇ ಕ್ಯಾಬಿನೆಟ್ಟಿನಲ್ಲಿ, ಅದೇ ವಯರಿಗೆ ಸಿಕ್ಕಿಸಿದ ಎರಡನೆಯದೂ ವರ್ಷದೊಳಗೆ ಹೋಯಿತೆಂದರೆ ಕೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಿ.

ಮೊದಲು ಒಳಗಿನ ಫೈಲುಗಳ ವಿಷಯ. ತೊಂದರೆ ಕಂಡ ತಕ್ಷಣ ವಿಂಡೋಸ್ ತಾನಾಗಿ ಚೆಕ್‌ಡಿಸ್ಕ್ ಓಡಿಸಲು ಹೊರಡುತ್ತದೆ. ಬಿಡಬೇಡಿ, ಯಾವುದಾದರೂ ಕೀ ಒತ್ತಿ ತಪ್ಪಿಸಿ. ಚೆಕ್‌ಡಿಸ್ಕ್‌ನ ಕೆಲಸ ಫೈಲ್ ಸಿಸ್ಟಮ್ಮನ್ನು ಸರಿಯಾಗಿ ಕಾಣಿಸುವುದು. ನಿಮ್ಮ ಫೋಟೋ ಉಳಿಸುವುದು ಅದರ ಜವಾಬ್ದಾರಿಯಲ್ಲ. ಓದಲಾಗದ ತುಂಡುಗಳನ್ನು ಅದು ಕತ್ತರಿಸಿ ಎಸೆಯುತ್ತದೆ, ಸೋತ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ಕೋಡಿಬಾಗದ ಮೂರನೇ ಡಿಸ್ಕಿನ ಫೋಟೋಗಳು ಹೋದದ್ದು ಹೀಗೆಯೇ. ಇದರ ಬದಲು ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ಕೆಟ್ಟ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿ, ಇಡೀ ಡಿಸ್ಕನ್ನು ಅಷ್ಟೇ ಅಥವಾ ಹೆಚ್ಚು ಜಾಗದ ಇನ್ನೊಂದು ಡಿಸ್ಕ್‌ಗೆ ಇಳಿಸಿ. ಎಲ್ಲಿಯ ತನಕ ನಕಲಾಯಿತು ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು ಕೊಡುವುದನ್ನು ಮರೆಯಬೇಡಿ. ಅದಿದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಸಿಗುವುದನ್ನಷ್ಟೇ ತೆಗೆದುಕೊಳ್ಳಲಿ, ಹಟ ಹಿಡಿದ ಜಾಗಗಳಿಗೆ ಎರಡನೇ ಸುತ್ತಿನಲ್ಲಿ ಮೂರು ಪ್ರಯತ್ನ ಸಾಕು. ಆದೇಶದಲ್ಲಿ ಮೊದಲು ಬರುವುದು ಕೆಟ್ಟ ಡಿಸ್ಕ್, ನಂತರ ಹೊಸದು. ಹಿಂದುಮುಂದಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬರೆದುಕೊಳ್ಳುತ್ತದೆ. ಆದ್ದರಿಂದ ಲೇಬಲ್ ಮೇಲಿನ ಸೀರಿಯಲ್ ನಂಬರ್ ನೋಡಿಯೇ ಗುರುತಿಸಿ.

ಡಿಸ್ಕ್ ಬಿಟ್ಟೂಬಿಡದೆ ಟಕ್ ಟಕ್ ಎನ್ನುತ್ತಿದ್ದರೆ ಇದಾವುದೂ ಬೇಡ. ಆಫ್ ಮಾಡಿ ತೆಗೆದಿಡಿ, ಒಳಗಿನದು ಬೇಕೇ ಬೇಕೆಂದರೆ ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ. ಫ್ರಿಜ್ಜಿನಲ್ಲಿಟ್ಟು ತೆಗೆಯುವ ಉಪಾಯ ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ನಮ್ಮ ಕರಾವಳಿಯ ಗಾಳಿಗೆ ತಣ್ಣಗಿನ ಲೋಹ ತಾಗಿದರೆ ಎರಡು ನಿಮಿಷದಲ್ಲಿ ನೀರು ಬೆವರುತ್ತದೆ. ಡಿಸ್ಕಿಗೆ ಉಸಿರಾಡಲು ಸಣ್ಣ ರಂಧ್ರವಿದೆ ಎಂಬುದೂ ನೆನಪಿರಲಿ.

ಇನ್ನು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಎಂಬ ಲೆಕ್ಕ. ಅದನ್ನು ಓದಲು ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪ್ರೋಗ್ರಾಂ ಸಾಕು. ಅದು ಅಂಕಿಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ತೋರಿಸುವುದರಿಂದ ಹಲವರು ಗಾಬರಿಯಾಗುತ್ತಾರೆ. ಫಂಕ್ಷನ್, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್‌ಗೆ ಹೋಗಿ ಹತ್ತರ ಎಣಿಕೆಗೆ ಬದಲಿಸಿ. ಸಾಲುಗಳ ಗುರುತು ಮಾತ್ರ ಹೆಕ್ಸಾದಲ್ಲೇ ಉಳಿಯುತ್ತದೆ: 12 ಅಲ್ಲಿ 0ಸಿ, 197 ಅಲ್ಲಿ ಸಿ5, 199 ಅಲ್ಲಿ ಸಿ7. ಮೊದಲ ಸಾಲಿನ ರೀಡ್ ಎರರ್ ರೇಟ್ ಸೀಗೇಟ್ ಡಿಸ್ಕ್‌ಗಳಲ್ಲಿ ಕೋಟಿ ಲೆಕ್ಕದಲ್ಲಿ ಇರುತ್ತದೆ, ಅದು ಸಹಜ. ನೋಡಬೇಕಾದದ್ದು ಬೇರೆ.

5ನೇ ಸಾಲು, ಅಂದರೆ ಡಿಸ್ಕ್ ಕೈಬಿಟ್ಟು ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳು (ಡೇಟಾ ಬರೆಯುವ ಪುಟ್ಟ ತುಂಡುಗಳು), ವಾರವಾರ ಏರುತ್ತಿದ್ದರೆ ಒಳಗೆ ತಿರುಗುವ ತಟ್ಟೆಯ ಮೇಲ್ಮೈ ನಿಜವಾಗಿ ಹಾಳಾಗುತ್ತಿದೆ. 199, ಅಂದರೆ ಡೇಟಾ ಸಾಗಣೆಯ ತಪ್ಪುಗಳ ಎಣಿಕೆ, ಏರುತ್ತಿದ್ದು 5 ಸೊನ್ನೆಯಲ್ಲೇ ಇದ್ದರೆ ದೋಷ ಸಾಮಾನ್ಯವಾಗಿ ಡೇಟಾ ಕೇಬಲ್ಲಿನದು. ನೂರು ರೂಪಾಯಿ ಆಸುಪಾಸಿನ, ಕ್ಲಿಪ್ ಇರುವ ಸಾಟಾ ಕೇಬಲ್ (ಈಗಿನ ಡಿಸ್ಕುಗಳ ಜೋಡಣೆಯ ಬಗೆ) ಹಾಕಿದರೆ ಅಂಕಿ ಅಲ್ಲಿಗೇ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. 197 ಅಂದರೆ ಸದ್ಯ ಓದಲಾಗದೆ ಬಾಕಿ ನಿಂತವು. ಇದೇ ಮೋಸದ ಸಾಲು. ಬರೆಯುತ್ತಿರುವಾಗ ಕರೆಂಟ್ ಕೈಕೊಟ್ಟರೂ ಸೆಕ್ಟರ್ ಅರ್ಧಂಬರ್ಧ ಉಳಿದು ಇಲ್ಲಿ ಸೇರುತ್ತದೆ, ತಟ್ಟೆ ಹೊಸದರಂತೆಯೇ ಇದ್ದರೂ ಸರಿ. ಅಂಗಡಿಯವರು ಇದನ್ನು ನೋಡಿ ಡಿಸ್ಕ್ ಹೋಯಿತು ಎನ್ನುತ್ತಾರೆ.

ಕೊನೆಯದಾಗಿ ಯಾರೂ ಕಣ್ಣು ಹಾಯಿಸದ 12ನೇ ಸಾಲು, ಪವರ್ ಸೈಕಲ್ ಕೌಂಟ್. ಡಿಸ್ಕ್ ಎಷ್ಟು ಸಲ ಕರೆಂಟ್ ಕಂಡಿತು ಎಂಬ ಎಣಿಕೆ. ದಿನಕ್ಕೊಮ್ಮೆ ಕಂಪ್ಯೂಟರ್ ಹಾಕಿದರೆ ಒಂದು ಏರಬೇಕು. ಕೋಡಿಬಾಗದ ಯಂತ್ರದಲ್ಲಿ ಬೆಳಿಗ್ಗೆ 1204 ಇದ್ದದ್ದು ಸಂಜೆಗೆ 1211 ಆಗಿತ್ತು, ನಡುವೆ ಕಂಪ್ಯೂಟರ್ ಒಮ್ಮೆಯೂ ಆಫ್ ಆಗಿರಲಿಲ್ಲ. ಅಂದರೆ ಉಳಿದ ಯಂತ್ರ ಓಡುತ್ತಿರುವಾಗ ಡಿಸ್ಕ್ ಮಾತ್ರ ಏಳು ಸಲ ಪ್ರಾಣ ಬಿಟ್ಟು ಎದ್ದಿದೆ. ಕಿವಿಗೊಟ್ಟರೆ ಕೇಳುತ್ತದೆ ಕೂಡ: ಒಂದು ಟಕ್, ಸುಮ್ಮನಾಗುವುದು, ಮತ್ತೆ ವೇಗ ಹಿಡಿಯುವ ಸುಯ್ ಸದ್ದು. ಪರದೆ ಹತ್ತಿಪ್ಪತ್ತು ಸೆಕೆಂಡ್ ಕಲ್ಲಾಗುತ್ತದೆ. ವಿಂಡೋಸಿನ ಘಟನೆಗಳ ದಾಖಲೆಯಾದ ಈವೆಂಟ್ ವ್ಯೂವರ್‌ನಲ್ಲಿ ಅದೇ ಗಳಿಗೆಗೆ 129 ಅಥವಾ 153 ಸಂಖ್ಯೆಯ ಎಚ್ಚರಿಕೆ ಬಿದ್ದಿರುತ್ತದೆ.

ಡಿಸ್ಕಿಗೆ ಎರಡು ವೋಲ್ಟೇಜ್ ಬೇಕು. ಮೋಟರಿಗೆ ಹಳದಿ ವಯರಿನ 12 ವೋಲ್ಟ್, ಸರ್ಕೀಟಿಗೆ ಕೆಂಪು ವಯರಿನ 5 ವೋಲ್ಟ್. ಎಸ್‌ಎಂಪಿಎಸ್ ಕೊಡಬೇಕಾದದ್ದು ಶೇಕಡಾ 5ರ ಆಚೀಚೆ: 11.4ರಿಂದ 12.6, ಮತ್ತು 4.75ರಿಂದ 5.25. ಮೋಟರ್ ವೇಗ ಹಿಡಿಯುವ ಕೆಲ ಸೆಕೆಂಡು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಆಮೇಲೆ ಅರ್ಧ ಆಂಪಿಯರಿನ ಹತ್ತಿರಕ್ಕೆ ಇಳಿಯುತ್ತದೆ. ದುರ್ಬಲ ವಯರಿನ ಬಣ್ಣ ಬಯಲಾಗುವುದು ಆ ಕೆಲ ಸೆಕೆಂಡಿನಲ್ಲಿ.

ಆ ಹಳೆ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ತಲೆಗಳು ಎರಡೇ. ಒಂದು ಎಸ್‌ಎಸ್‌ಡಿಗೆ, ಇನ್ನೊಂದು ಡಿವಿಡಿಗೆ ಹೋಗಿ, ಹಾರ್ಡ್ ಡಿಸ್ಕಿನ ಪಾಲಿಗೆ ಬಂದದ್ದು ಮೋಲೆಕ್ಸ್‌ನಿಂದ, ಅಂದರೆ ಹಳೆಯ ಬಗೆಯ ನಾಲ್ಕು ಪಿನ್ನಿನ ಪವರ್ ತಲೆಯಿಂದ, ಸಾಟಾಗೆ ತಿರುಗಿಸುವ ಕನ್ವರ್ಟರ್. ಮೂರು ಡಿಸ್ಕ್ ಬದಲಾದರೂ ಅದು ಬದಲಾಗಲಿಲ್ಲ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಮೋಲೆಕ್ಸ್ ಜೋಡಣೆಯ ಎರಡೂ ಬದಿಯಲ್ಲಿ ವಯರ್ ಒಳಹೋಗುವ ಕಡೆಯಿಂದ ಮೊನೆ ತಾಗಿಸಿ ಅಳೆದಾಗ, ಮೋಟರ್ ಏಳುವಾಗ ಎಸ್‌ಎಂಪಿಎಸ್ ಬದಿಗೆ 11.7, ಕನ್ವರ್ಟರ್ ಬದಿಗೆ 10.2. ಒಂದೂವರೆ ವೋಲ್ಟ್ ಆ ಒಂದು ಪಿನ್ನಿನಲ್ಲೇ ಸುಟ್ಟುಹೋಗುತ್ತಿತ್ತು. ಜೋಡಣೆ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಹಳದಿ ವಯರಿನ ಬುಡದ ಬಿಳಿ ಪ್ಲಾಸ್ಟಿಕ್ ಕಂದಾಗಿತ್ತು.

ಈ ಅಳತೆ ಮಾಡುವವರು ಮೋಲೆಕ್ಸ್‌ನ ಹಿಂಬದಿಯಲ್ಲೇ ಮಾಡಿ. ಸಾಟಾ ತಲೆಯ ಹದಿನೈದು ಸಂಪರ್ಕಗಳ ನಡುವೆ ಒಂದೂಕಾಲು ಮಿಲಿಮೀಟರ್ ಅಂತರ. ಮೊನೆ ಜಾರಿ 12ಕ್ಕೂ 5ಕ್ಕೂ ಸೇತುವೆಯಾದರೆ ಡಿಸ್ಕಿನ ಕಥೆ ಮುಗಿಯಿತು.

ಕಡಲ ಗಾಳಿಯ ಉಪ್ಪು ಹೀಗೆ ಕೆಲಸ ಮಾಡುತ್ತದೆ: ಅಗ್ಗದ ಕನ್ವರ್ಟರಿನ ಪಿನ್ನುಗಳಿಗೆ ತವರದ ಲೇಪ ತೆಳು, ಅದು ಸವೆದಲ್ಲಿ ಉಪ್ಪಿನ ಪಸೆ ಕುಳಿತು ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ, ಕಿಲುಬಿಗೆ ರೋಧ ಜಾಸ್ತಿ, ರೋಧದಿಂದ ಬಿಸಿ, ಬಿಸಿಯಿಂದ ಸ್ಪ್ರಿಂಗಿನ ಹಿಡಿತ ಸಡಿಲ, ಸಡಿಲವಾದಷ್ಟೂ ಮತ್ತೆ ಬಿಸಿ. ಶಿರಸಿ ಕಡೆ ಉಪ್ಪು ಇಲ್ಲ ಎಂದು ನಿಶ್ಚಿಂತರಾಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೂ ಬಟ್ಟೆಗೂ ಬೂಸ್ಟು ಹಿಡಿಸುವ ಥಂಡಿ ಕ್ಯಾಬಿನೆಟ್ಟಿನ ಧೂಳನ್ನೂ ಬಿಡುವುದಿಲ್ಲ. ಅಚ್ಚು ಹೊಯ್ದ ಸಾಟಾ ತಲೆಯ ಕನ್ವರ್ಟರುಗಳಂತೂ ಒಳಗೊಳಗೇ ಶಾರ್ಟ್ ಆಗಿ ಬೆಂಕಿ ಹಿಡಿಯುವುದಕ್ಕೆ ಕುಖ್ಯಾತ. ಬೇರೆ ದಾರಿಯೇ ಇಲ್ಲದಿದ್ದರೆ, ವಯರುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿ ಹಿಂದೆ ಮುಚ್ಚಳ ಹಾಕಿದ ಬಗೆಯದನ್ನು ಕೊಳ್ಳಿ.

ಕನ್ವರ್ಟರ್ ಕಿತ್ತು ಡಿವಿಡಿಯ ತಲೆಯನ್ನು ಡಿಸ್ಕಿಗೆ ಕೊಟ್ಟ ಮೇಲೂ 12ನೇ ಸಾಲು ಎರಡು ಮೂರು ದಿನಕ್ಕೊಮ್ಮೆ ಹೆಚ್ಚುವರಿ ಎಣಿಕೆ ತೋರಿಸುತ್ತಿತ್ತು. ಉಳಿದ ಪಾಲು ಎಸ್‌ಎಂಪಿಎಸ್‌ನದು. ಕರೆಂಟನ್ನು ಹಿಡಿದಿಟ್ಟು ಸಮ ಮಾಡುವ ಒಳಗಿನ ಕೆಪಾಸಿಟರುಗಳು ಒಣಗಿದಾಗ ಮಲ್ಟಿಮೀಟರ್ ಚೆಂದದ ಸರಾಸರಿ ತೋರಿಸುತ್ತದೆ, ಅದರಡಿಯ ಏರಿಳಿತ ಅದಕ್ಕೆ ಕಾಣುವುದಿಲ್ಲ. ಕಂಪ್ಯೂಟರ್ ಎಸ್‌ಎಂಪಿಎಸ್‌ಗಳ ಎಟಿಎಕ್ಸ್ ನಿಯಮದಲ್ಲಿ ಈ ಏರಿಳಿತ 12 ವೋಲ್ಟಿನಲ್ಲಿ 120 ಮಿಲಿವೋಲ್ಟ್, 5 ವೋಲ್ಟಿನಲ್ಲಿ 50 ಮಿಲಿವೋಲ್ಟ್ ದಾಟಬಾರದು. ಅಳೆಯಲು ವೋಲ್ಟೇಜಿನ ಅಲೆಯನ್ನೇ ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ಬೇಕು. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ, ಗೊತ್ತಿದ್ದವರ ಒಳ್ಳೆಯ ಎಸ್‌ಎಂಪಿಎಸ್ ತಂದು ಒಂದು ವಾರ ಓಡಿಸುವುದು. ಹಳೆಯದನ್ನು ಬಿಚ್ಚಿ ನೋಡುವ ಕುತೂಹಲ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಹೊಸ ಎಸ್‌ಎಂಪಿಎಸ್ ಹಾಕುವಾಗ ಇನ್ನೊಂದು ಗುಂಡಿ ಇದೆ. ವಯರುಗಳನ್ನು ಬಿಚ್ಚಿ ಜೋಡಿಸುವ ಮಾಡ್ಯುಲರ್ ಬಗೆಯದಾದರೆ ಅದರ ಜೊತೆ ಬಂದ ವಯರನ್ನೇ ಬಳಸಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾಡೆಲುಗಳ ನಡುವೆಯೂ ಬೇರೆ. ಹಳೆಯ ವಯರ್ ಹೊಸ ಪೆಟ್ಟಿಗೆಗೆ ಸಲೀಸಾಗಿ ಕೂರುತ್ತದೆ, ಸ್ವಿಚ್ ಹಾಕಿದೊಡನೆ 5 ವೋಲ್ಟಿನ ಜಾಗಕ್ಕೆ 12 ಹೋಗಿ ಎಲ್ಲ ಡಿಸ್ಕೂ ಒಟ್ಟಿಗೆ ಸಾಯುತ್ತವೆ.

ಮನೆಯ ಕರೆಂಟನ್ನೂ ಒಮ್ಮೆ ನೋಡಿ. ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ಥಿಂಗ್ ಇಲ್ಲ. ಚಿರೆಕಲ್ಲಿನ ನೆಲದಲ್ಲಿ ಇದು ಸಾಮಾನ್ಯ: ಮಳೆಗಾಲದಲ್ಲಿ ಸರಿ ಇರುವ ಅರ್ಥಿಂಗ್ ಗುಂಡಿ ಏಪ್ರಿಲ್, ಮೇ ಹೊತ್ತಿಗೆ ಒಣಗಿ ಹೆಸರಿಗಷ್ಟೇ ಉಳಿಯುತ್ತದೆ, ಸಿಡಿಲು ಬರುವುದೂ ಅದೇ ಕಾಲಕ್ಕೆ. ಎಲೆಕ್ಟ್ರಿಶಿಯನ್‌ನಿಂದ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಅಳೆಯಿಸಿ. ಎರಡು ಮೂರು ವೋಲ್ಟ್ ಪರವಾಗಿಲ್ಲ, ಹತ್ತಾರು ಇದ್ದರೆ ಸರಿಪಡಿಸಲೇಬೇಕು. ಅರ್ಥ್ ಇಲ್ಲದ ಮನೆಯ ಸ್ಪೈಕ್ ಗಾರ್ಡ್ ಹೆಚ್ಚುಕಡಿಮೆ ಬರೀ ಎಕ್ಸ್‌ಟೆನ್ಶನ್ ಬೋರ್ಡ್. ಗುಡುಗು ಶುರುವಾದರೆ ಪ್ಲಗ್ ಜೊತೆ ನೆಟ್ ಕೇಬಲ್ಲನ್ನೂ ಕೀಳಿ.

ಇನ್ವರ್ಟರ್ ಇದ್ದ ಮನೆಯಲ್ಲಿ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನ ಸಂಗ್ರಹದಲ್ಲಿ ತಡೆದುಕೊಳ್ಳುವುದು ಹದಿನಾರು ಹದಿನೇಳು ಮಿಲಿಸೆಕೆಂಡ್ ಮಾತ್ರ. ನಾರ್ಮಲ್ ಮೋಡ್‌ನ ಇನ್ವರ್ಟರ್ ಬದಲಾಗುವಷ್ಟರಲ್ಲಿ ಅದು ದಾಟಿಹೋಗಿರುತ್ತದೆ, ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ.

ಮಳೆಗಾಲಕ್ಕೆಂದು ಕ್ಯಾಬಿನೆಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿಡುವುದು ಕೆಟ್ಟ ರೂಢಿ. ಒಳಗಿನ ತೇವ ಒಳಗೇ ಉಳಿಯುತ್ತದೆ. ಬಳಸದಿದ್ದರೂ ದಿನಕ್ಕೊಂದು ಗಂಟೆ ಓಡಿಸಿ, ತನ್ನ ಬಿಸಿಗೆ ತಾನೇ ಒಣಗುತ್ತದೆ. ಮಳೆ ಹಿಡಿಯುವ ಮೊದಲು ಮತ್ತು ಬಿಟ್ಟ ಮೇಲೆ ಎಲ್ಲ ಜೋಡಣೆಗಳನ್ನು ಒಮ್ಮೆ ಕಿತ್ತು ಮತ್ತೆ ಒತ್ತಿ; ಕಿಲುಬಿದ್ದರೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತಗಿನ ಬ್ರಷ್. ಉಪ್ಪುಕಾಗದ ಬೇಡವೇ ಬೇಡ, ಇದ್ದ ಲೇಪವೂ ಎದ್ದುಹೋಗುತ್ತದೆ. ಬ್ಯಾಕಪ್ ಡಿಸ್ಕನ್ನು ರಬ್ಬರ್ ಅಂಚಿನ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡಿ, ಗುಲಾಬಿ ಆದಾಗ ಜೆಲ್ ಬದಲಿಸಿ. ಎರಡನೇ ಪ್ರತಿ ಘಟ್ಟದ ಮೇಲಿನ ನೆಂಟರ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಬಸ್ಸಿನಲ್ಲಿ ಕಳಿಸುವಾಗ ಎರಡು ಇಂಚು ಸ್ಪಂಜು ಸುತ್ತಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬರಿಯ ರಟ್ಟಿನ ಡಬ್ಬಿ ಯಾವ ಡಿಸ್ಕನ್ನೂ ಕಾಯುವುದಿಲ್ಲ.

ಕೋಡಿಬಾಗದಲ್ಲಿ ಎಸ್‌ಎಂಪಿಎಸ್ ಬದಲಿಸಿದ ಮೇಲೆ, ಬೀರುವಿನಲ್ಲಿ ಬಿದ್ದಿದ್ದ "ಸತ್ತ" ಮೂರನ್ನೂ ಒಂದೊಂದಾಗಿ ಜೋಡಿಸಿ ಆದಿಯಿಂದ ಅಂತ್ಯದ ತನಕ ಸೊನ್ನೆ ಬರೆಸಲಾಯಿತು (ಇದರಿಂದ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ). ಪ್ರತಿಯೊಂದಕ್ಕೂ ಎರಡೂವರೆ ಗಂಟೆ. ಮೊದಲನೆಯದರ 197 ನಲವತ್ತರಿಂದ ಸೊನ್ನೆಗೆ ಇಳಿಯಿತು, 5 ಸೊನ್ನೆಯಿಂದ ಅಲುಗಲಿಲ್ಲ, ಅಂದರೆ ತಟ್ಟೆ ಕೆಟ್ಟಿರಲೇ ಇಲ್ಲ. ಉದ್ದದ ಸೆಲ್ಫ್ ಟೆಸ್ಟೂ ಪಾಸ್. ಮೂರನೆಯದೂ ಹಾಗೆಯೇ. ಎರಡನೆಯದರ 5ನೇ ಸಾಲು ಮಾತ್ರ ಬರೆಯುತ್ತಿದ್ದಂತೆ ಏರುತ್ತ ಹೋಯಿತು, ಅದನ್ನು ಗುಜರಿಗೆ ಹಾಕಿದರು.